ಒಂದು ಗೇಣು ಮೇಲೆ ಹೋದ ಬಿಳಿ ಗೆರೆ

ಪ್ರವಾಸಿ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಜಲಪಾತದ ಬುಡದ ಕಲ್ಲಿನ ಮೇಲಿದ್ದ ಒಂದು ಗೆರೆಯನ್ನು ತಾವು ಮೊದಲು ಮೇಲಕ್ಕೆ ಹತ್ತಿಸಿದಿರಿ. ನನ್ನ ಭಾವ ಸತ್ತ ಮೇಲೆ ಅದನ್ನು ಸದ್ದಿಲ್ಲದೆ ಕೆಳಕ್ಕಿಳಿಸಿದಿರಿ. ಈಗ ಇಳಿಸಿದ ಗೆರೆಯನ್ನೇ ಅಳತೆಗೋಲಾಗಿ ಹಿಡಿದು, ಅವತ್ತು ನಮ್ಮನ್ನು ಹತ್ತಿಸಿದ ಮಾರ್ಗದರ್ಶಿಯನ್ನು ಅಪರಾಧಿ ಎಂದು ಬರೆದಿದ್ದೀರಿ. ನನ್ನ ದೂರು ಇಷ್ಟೇ. ತಮ್ಮ ಕಚೇರಿಯಲ್ಲಿ ವಿವರಣೆಯಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ, ವಿವರಣೆಯಿರುವ ದೂರನ್ನು ಪೂರ್ತಿ ಓದುವುದಿಲ್ಲ ಎಂದು ಕೇಳಿದ್ದೇನೆ. ಹಾಗಾಗಿ ದೂರನ್ನು ಮೊದಲ ಮೂರು ವಾಕ್ಯಗಳಲ್ಲೇ ಮುಗಿಸಿದ್ದೇನೆ. ಇನ್ನು ಮುಂದಿನದನ್ನು ತಾವು ಓದದಿದ್ದರೂ ಊರು ಓದುತ್ತದೆ.

ಇದನ್ನು ಬಹಿರಂಗವಾಗಿ ಬರೆಯುವ ಆಸೆ ನನಗಿರಲಿಲ್ಲ. ಅಂತರಂಗವಾಗಿ ಎರಡು ಸಲ ಬರೆದೆ. ಎರಡು ಸಲವೂ "ತಮ್ಮ ಪತ್ರವು ಪರಿಶೀಲನೆಯಲ್ಲಿದೆ" ಎಂಬ ಒಂದೇ ಅಚ್ಚಿನ ಉತ್ತರ ಬಂತು. ಪರಿಶೀಲನೆಯೇನೋ ಸರಿ, ಶಿಲೆಯ ಗತಿ ಏನು ಸ್ವಾಮಿ? ಆ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದವರು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರೆಯೇ?

ನೋಡುವುದರ ಬಗ್ಗೆ ಮಾತಾಡಲು ನನಗೆ ಕೊಂಚ ಅಧಿಕಾರವಿದೆ. ನಾನು ಕನ್ನಡಕದ ಅಂಗಡಿಯವನು. ಅಂಗಡಿಯ ಹಿಂದೆ ಉದ್ದನೆಯ ಕತ್ತಲೆ ಕೋಣೆ, ಒಂದು ತುದಿಗೆ ಕುರ್ಚಿ, ಇನ್ನೊಂದು ತುದಿಗೆ ದೀಪ ಹೊತ್ತಿಸಿದ ಅಕ್ಷರಗಳ ಹಲಗೆ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ನಾನು ಕೇಳುವ ಪ್ರಶ್ನೆ ಒಂದೇ: "ಎಷ್ಟನೇ ಸಾಲಿನವರೆಗೆ ಕಾಣಿಸುತ್ತೆ?" ಸುಳ್ಳು ಹೇಳುವವರೂ ಬರುತ್ತಾರೆ. ವಾಹನದ ಪರವಾನಗಿಗೆ ಕಣ್ಣು ತೋರಿಸಲು ಬರುವವರು ಕಾಣದ ಸಾಲನ್ನು ಉರುಹೊಡೆದು ಬಂದು ಕಂಡಿತು ಎನ್ನುತ್ತಾರೆ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವ ಜನರನ್ನು ನಾನು ಮೊಟ್ಟಮೊದಲು ಕಂಡದ್ದು ತಮ್ಮ ತನಿಖಾ ವರದಿಯಲ್ಲಿ.

ಸತ್ತದ್ದು ನನ್ನ ಅಕ್ಕನ ಗಂಡ. ದರ್ಜಿ. ತಮ್ಮ ವರದಿಯಲ್ಲಿ "ಮೃತ ಪ್ರವಾಸಿ" ಎಂದು ಒಂಬತ್ತು ಕಡೆ ಬಂದಿರುವುದು ಅವರೇ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದು ಅವರ ಮುಖ್ಯ ಕಸುಬು. ಬೆಳೆದ ಮಕ್ಕಳ ಹಳೆ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುವುದು ಉಪಕಸುಬು. ಶಾಲೆ ಶುರುವಾಗುವ ತಿಂಗಳಲ್ಲಿ ಅಕ್ಕ ಕಾಜಾ ಹಾಕಿ, ಗುಂಡಿ ಹೊಲಿದು, ಅವರು ಕತ್ತರಿಸಿ ಹೊಲಿದು, ಇಬ್ಬರೂ ದಾರದ ಚೂರುಗಳ ನಡುವೆ ಊಟ ಮಾಡುತ್ತಿದ್ದರು. ಈ ಸಲದ ಕೊನೆಯ ಅಂಗಿ ಇಸ್ತ್ರಿಯಾದ ದಿನ ಭಾವನಿಗೆ ಒಂದು ದಿನದ ರಜೆಯ ಆಸೆ ಬಂತು. ತಮ್ಮ ಜಾಹೀರಾತು ಬಸ್ಸಿನ ಬೆನ್ನ ಮೇಲೇ ಇತ್ತು: ಬೆಳಗ್ಗೆ ಬೆಟ್ಟದ ಜಾರುಬಂಡಿ, ಮಧ್ಯಾಹ್ನ ಜಲಪಾತ ಹತ್ತುವುದು, ಒಂದೇ ದಿನ, ಒಂದೇ ಟಿಕೆಟ್, ಜೊತೆಗೆ ನುರಿತ ಮಾರ್ಗದರ್ಶಿ.

ಅಕ್ಕ ಬರಲಿಲ್ಲ. "ನನ್ನ ಮೊಣಕಾಲಿಗೆ ನಮ್ಮ ಮನೆ ಮೆಟ್ಟಿಲೇ ಜಲಪಾತ. ನೀನು ಹೋಗು" ಎಂದು ನನ್ನನ್ನು ತಳ್ಳಿದಳು. "ಅವರನ್ನ ಜೋಪಾನವಾಗಿ ವಾಪಸ್ ಕರ್ಕೊಂಡು ಬಾ. ಅವರಿಗೆ ಧೈರ್ಯ ಜಾಸ್ತಿ, ಕಣ್ಣು ಕಮ್ಮಿ. ನಿನಗೆ ಕಣ್ಣಿದೆ, ಧೈರ್ಯ ಇಲ್ಲ. ಇಬ್ಬರೂ ಸೇರಿದ್ರೆ ಒಂದು ಆಳಾಗ್ತೀರಿ."

ಆ ಒಂದು ಆಳು ಬೆಳಗ್ಗೆ ಒಂಬತ್ತಕ್ಕೆ ತಮ್ಮ ಜಾರುಬಂಡಿ ಹತ್ತಿತು. ಬೆಟ್ಟದ ಇಳಿಜಾರಿನಲ್ಲಿ ಹಾವಿನಂತೆ ಹೊರಳುವ ಕಬ್ಬಿಣದ ಹಳಿ, ಅದರ ಮೇಲೆ ಇಬ್ಬರು ಕೂರುವ ತೊಟ್ಟಿಲಿನಂಥ ಬಂಡಿ, ಬದಿಯಲ್ಲಿ ಕೈಯಿಂದ ಎಳೆಯುವ ಬ್ರೇಕು. ಮುಂದೆ ಭಾವ, ಹಿಂದೆ ನಾನು, ಬ್ರೇಕು ನನ್ನ ಕೈಯಲ್ಲಿ. "ಬ್ರೇಕ್ ಬಿಡಪ್ಪಾ ಮಹಾರಾಯ, ಇದು ಜಾರುಬಂಡಿ, ಎತ್ತಿನ ಗಾಡಿ ಅಲ್ಲ" ಎಂದು ಭಾವ ಕೂಗಿದರು. ಹಿಂದಿನ ಬಂಡಿಯಲ್ಲಿದ್ದ ಹೆಂಗಸು "ಅಣ್ಣಾ, ಇಳಿದು ನಡ್ಕೊಂಡು ಹೋಗಿ, ಬೇಗ ತಲುಪ್ತೀರಿ" ಎಂದು ನಕ್ಕಳು. ಅರ್ಧ ದಾರಿಯಲ್ಲಿ ಎಲ್ಲ ಬಂಡಿಗಳೂ ತಾವಾಗಿಯೇ ನಿಂತವು. ಅದಕ್ಕೆ ನನ್ನ ಬ್ರೇಕು ಕಾರಣವಲ್ಲ. ಕೆಳಗಿನ ನಿಲ್ದಾಣದಲ್ಲಿ ತಮ್ಮ ಯಾರೋ ವಿಶೇಷ ಅತಿಥಿಗಳು ಬಂದಿದ್ದರಂತೆ. ಅವರು ಬಂಡಿಯಲ್ಲಿ ಕೂತು ಚಿತ್ರ ತೆಗೆಸಿಕೊಳ್ಳುವವರೆಗೆ ಹಳಿ ಬಂದ್. ಐವತ್ತು ನಿಮಿಷ ನಾವು ಬೆಟ್ಟದ ಮಗ್ಗುಲಲ್ಲಿ ಒಣಹಾಕಿದ ಬಟ್ಟೆಗಳಂತೆ ನೇತಾಡಿದೆವು. ಆ ಐವತ್ತು ನಿಮಿಷವನ್ನು ದಯವಿಟ್ಟು ನೆನಪಿಡಿ. ತಮ್ಮ ವರದಿಯಲ್ಲಿ ಅದು ಜಾರಿಹೋಗಿದೆ. ತಮ್ಮಲ್ಲಿ ಆದೇಶಗಳೆಲ್ಲ ಜಾರಿಯಾಗುತ್ತವೆ, ಜವಾಬ್ದಾರಿ ಮಾತ್ರ ಜಾರುತ್ತದೆ.

ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಮುಟ್ಟಬೇಕಿದ್ದ ಜಲಪಾತವನ್ನು ಎರಡೂವರೆ ದಾಟಿದ ಮೇಲೆ ಮುಟ್ಟಿದೆವು. ಅಲ್ಲಿ ನಮ್ಮ ಹನ್ನೊಂದು ಜನರ ಗುಂಪನ್ನು ವಹಿಸಿಕೊಂಡವರು ನಲವತ್ತು ದಾಟಿದ ಹೆಂಗಸು. ಜೊತೆಯ ಮಾರ್ಗದರ್ಶಿಗಳು ಆಕೆಯನ್ನು ಸೀಟಿಯಕ್ಕ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಅದೇ ಬಂಡೆಗಳನ್ನು ಹತ್ತಿಸುತ್ತಿರುವವರು. ಮೊದಲ ಪಾಠವಾಗಿ ನಮ್ಮ ಕೈಗಳನ್ನು ಒಬ್ಬರದನ್ನೊಬ್ಬರಿಗೆ ತೊಡಿಸಿದರು. ಜಲಪಾತ ಹತ್ತುವುದು ಸರಪಳಿಯಾಗಿ. ನಾನು ಮುಂದಿನವರ ಮಣಿಕಟ್ಟು ಹಿಡಿಯಬೇಕು, ಅವರು ನನ್ನ ಮಣಿಕಟ್ಟು ಹಿಡಿಯಬೇಕು. ಹೊಸದಾಗಿ ಮದುವೆಯಾದ ಜೋಡಿಯೊಂದು ಬೆರಳಲ್ಲಿ ಬೆರಳು ಹೆಣೆದು ನಿಂತದ್ದನ್ನು ನೋಡಿ ಆಕೆ ಗದರಿದರು. "ಬೆರಳು ಹಿಡಿಯೋದು ಪ್ರೀತಿಗೆ. ಮಣಿಕಟ್ಟು ಹಿಡಿಯೋದು ಪ್ರಾಣಕ್ಕೆ. ಮೇಲೆ ಹೋದ್ಮೇಲೆ ಪ್ರೀತಿ ಮಾಡ್ಕೊಳ್ಳಿ, ಈಗ ಪ್ರಾಣ ಹಿಡ್ಕೊಳ್ಳಿ." ಎಲ್ಲರೂ ನಕ್ಕೆವು.

ಆಮೇಲೆ ಆಕೆ ಕಲ್ಲಿನ ಹತ್ತಿರ ಹೋದರು. ತಾವು ನೋಡಿರಲಾರಿರಿ, ಆದ್ದರಿಂದ ಹೇಳುತ್ತೇನೆ: ಕೆಳಗಿನ ಮಡುವಿನ ಅಂಚಿನಲ್ಲಿ ಎಮ್ಮೆ ಮಲಗಿದಂತೆ ಒಂದು ಕರಿ ಬಂಡೆ ಇದೆ. ಅದರ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ. ನೀರು ಗೆರೆ ಮುಟ್ಟಿದರೆ ಅವತ್ತು ಹತ್ತುವಂತಿಲ್ಲ. ಜಲಪಾತಕ್ಕಿರುವುದು ಇದೊಂದೇ ಕಾನೂನು. ಸೀಟಿಯಕ್ಕ ಬಂಡೆಯ ಮೇಲೆ ಅಂಗೈ ಅಗಲಿಸಿಟ್ಟು ಅಳೆದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಪುಸ್ತಕ ತೆಗೆದು ಬರೆದರು: "ನೀರು ಗೆರೆಗಿಂತ ಒಂದು ಗೇಣು ಕೆಳಗೆ. ಸಮಯ ಎರಡು ನಲವತ್ತು."

ಪಕ್ಕದಲ್ಲಿ ನಿಂತಿದ್ದ ಭಾವ ಬಗ್ಗಿ ನೋಡಿದರು. ಕಣ್ಣು ಕಮ್ಮಿ ಎಂದು ಅಕ್ಕ ಆಡಿಕೊಳ್ಳುವುದು ದೂರದ ಕಣ್ಣನ್ನು. ಹತ್ತಿರದ್ದು ಅವರಿಗೆ ಸೂಜಿಮೊನೆಯಷ್ಟು ಚೂಪಾಗಿ ಕಾಣುತ್ತಿತ್ತು. "ಇಲ್ಲಿ ನೋಡಮ್ಮ," ಎಂದರು, "ಇದು ಮಡಿಕೆ ಬಿಚ್ಚಿ ಉದ್ದ ಮಾಡಿದ ಪ್ಯಾಂಟು. ಹಳೇ ಗೆರೆ ಕೆಳಗಿದೆ, ನೀರಿನ ಮಟ್ಟಕ್ಕೆ. ಮಾಸಿದೆ, ಹೋಗಿಲ್ಲ. ಯಾರು ಇದನ್ನ ಮೇಲಕ್ಕೆ ಹೊಲಿದೋರು?"

ಆಕೆ ಒಂದು ಕ್ಷಣ ಭಾವನ ಮುಖ ನೋಡಿದರು. "ಮೇಲಿನೋರು" ಎಂದರು. ಅಷ್ಟೇ. ಬಳಿಕ ಗುಂಪಿನ ಕಡೆ ತಿರುಗಿ, "ನೀರು ಸ್ವಲ್ಪ ಜೋರಿದೆ. ಬೇಡ ಅನ್ನಿಸಿದೋರು ಇಲ್ಲೇ ಕೂತ್ಕೋಬಹುದು, ನಾಚಿಕೆ ಪಡಬೇಕಾಗಿಲ್ಲ" ಎಂದರು. ಯಾರೂ ಕೂರಲಿಲ್ಲ. "ಕೂರೋಕೆ ನನ್ನ ಅಂಗಡೀಲಿ ಸ್ಟೂಲಿದೆ" ಎಂದರು ಭಾವ. ಅಷ್ಟರಲ್ಲಿ ಕಂಬದ ಮೇಲಿದ್ದ ತಮ್ಮ ಕ್ಯಾಮೆರಾ ಮಿಂಚಿತು. ಟಿಕೆಟ್ಟಿನಲ್ಲೇ ಸೇರಿದ ನೆನಪಿನ ಫೋಟೊ. ಹನ್ನೊಂದು ನಗುಮುಖ, ಒಂದು ಸೀಟಿ, ಹಿಂದೆ ಕರಿ ಬಂಡೆ.

ಈಗ ಆ ಗೆರೆ ಮೇಲೆ ಹೋದ ಬಗೆ. ಹದಿನಾಲ್ಕು ವರ್ಷ ಅದು ಕೆಳಗಿತ್ತು. ಮಾರ್ಗದರ್ಶಿಗಳೇ, ಒಬ್ಬ ಜೊತೆಗಾರನನ್ನು ನೀರಿಗೆ ಕಳೆದುಕೊಂಡ ಮೇಲೆ, ಬುದ್ಧಿ ಬಂದು ಬಳಿದ ಗೆರೆ. ಈ ವರ್ಷ ತಾವು ಬೆಟ್ಟವನ್ನೂ ಜಲಪಾತವನ್ನೂ ಒಂದೇ ಟಿಕೆಟ್ಟಿಗೆ ಗಂಟು ಹಾಕಿದಿರಿ. ಉದ್ಘಾಟನೆಗೆ ಎಲ್ಲವೂ ಹೊಸದಾಗಿ ಹೊಳೆಯಬೇಕೆಂದು ಫಲಕ, ಬೇಲಿ, ಕಸದ ತೊಟ್ಟಿ, ಜೊತೆಗೆ ಈ ಗೆರೆಗೂ ಬಣ್ಣ ಹೊಡೆಸಿದಿರಿ. ಬಣ್ಣ ಹೊಡೆದವರು ಯಾರೆಂದು ತಮ್ಮ ಕಚೇರಿಯಲ್ಲಿ ಕೇಳಿದೆ, ದಾಖಲೆ ಇಲ್ಲವೆಂದರು. ಆದರೆ ನನ್ನ ಕಸುಬೇ ಕೊನೆಯ ಸಾಲಿನ ಸಣ್ಣ ಅಕ್ಷರ ಓದುವುದು. ತಮ್ಮ "ಸುರಕ್ಷಿತ ಪ್ರಯಾಣ ನಿಮ್ಮದಾಗಲಿ" ಫಲಕದ ಮೂಲೆಯಲ್ಲಿ ಸಾಸಿವೆಯಷ್ಟು ಗಾತ್ರದಲ್ಲಿ ಪೇಂಟರನ ಗುರುತಿತ್ತು.

ಆತ ತಗಡಿನ ಶೆಡ್ಡಿನಲ್ಲಿ ಕೂತು ಬೇಕರಿಯೊಂದರ ಫಲಕ ಬರೆಯುತ್ತಿದ್ದ ಮುದುಕ. ಕೇಳಿದ ತಕ್ಷಣ ಕುಂಚ ಕೆಳಗಿಟ್ಟ.

"ಒದ್ದೆ ಕಲ್ಲಿಗೆ ಬಣ್ಣ ಕೂರಲ್ಲ ಸ್ವಾಮಿ. ಹಳೇ ಗೆರೆ ಇದ್ದ ಜಾಗ ನೀರು ಎರಚಿ ಎರಚಿ ಒದ್ದೆ. ನಾಲ್ಕು ದಿನ ಬಿಸಿಲು ಬರಲಿ, ಬಳೀತೀನಿ ಅಂದೆ. ಮಾರನೇ ದಿನ ಉದ್ಘಾಟನೆ, ಒಣಗಿರೋ ಕಡೆ ಬಳಿದು ಬಿಡು ಅಂದ್ರು. ಒಣಗಿದ್ದು ಒಂದು ಗೇಣು ಮೇಲೆ. ಬಳಿದೆ."

"ಆ ಗೆರೆ ಯಾತಕ್ಕೆ ಅಂತ ಹೇಳಿದ್ರಾ?"

"ಇಲ್ಲ. ಅಂದಕ್ಕೆ ಅನ್ಕೊಂಡೆ."

ಆತನೇ ಮುಂದುವರಿಸಿದ. "ಆಮೇಲೆ, ನಿಮ್ಮೋರು ನೀರಲ್ಲಿ ಹೋದ ಎರಡನೇ ದಿನ, ಮತ್ತೆ ಕರೆ ಬಂತು. ಮೇಲಿನದನ್ನ ಕೆರೆದುಹಾಕಿ, ಕೆಳಗೆ ಹಳೇ ಜಾಗಕ್ಕೇ ಬಳಿ ಅಂದ್ರು. ಅವತ್ತು ನೀರು ಇಳಿದಿತ್ತು, ಕಲ್ಲು ಒಣಗಿತ್ತು. ಆವಾಗ ಯಾತಕ್ಕೆ ಅಂತ ನಾನು ಕೇಳ್ಲಿಲ್ಲ. ಗೊತ್ತಾಗಿತ್ತು."

"ಬಂದು ಇದನ್ನೇ ಹೇಳ್ತೀರಾ?"

"ಕೇಳಿದ್ರೆ ಹೇಳ್ತೀನಿ. ಕೇಳೋರು ಬೇಕಲ್ಲ."

ಮಾನ್ಯರೇ, ಬಣ್ಣ ಒಣಗಲು ಕಾಯದ ಕಚೇರಿ ತಮ್ಮದು. ಕಣ್ಣೀರು ಒಣಗಲು ಕಾದೀತೇ? ಆದರೂ ಇದನ್ನು ತಪ್ಪು ಎಂದು ಬಿಟ್ಟುಬಿಡಬಹುದಿತ್ತು. ಒದ್ದೆ ಕಲ್ಲು, ಅವಸರದ ಕಚೇರಿ, ಅಂದಕ್ಕೆಂದುಕೊಂಡ ಪೇಂಟರ. ಮನುಷ್ಯರು ಮಾಡುವ ತಪ್ಪು. ಬಿಡಲಾಗದ್ದು ಅದರ ಮುಂದಿನದು.

ಗೆರೆ ಮೇಲೆ ಹೋದ ವಾರವೇ ಸೀಟಿಯಕ್ಕ ತಮಗೆ ಲಿಖಿತ ದೂರು ಕೊಟ್ಟರು. ಉತ್ತರ ಬರಲಿಲ್ಲ. ಆಕೆ ಹೊಸ ಗೆರೆಯನ್ನು ಲೆಕ್ಕಕ್ಕಿಡದೆ, ಹಳೆ ಗೆರೆಯ ನೆನಪಿನ ಮೇಲೆ ಎರಡು ದಿನ ಎರಡು ಗುಂಪುಗಳನ್ನು ವಾಪಸು ಕಳಿಸಿದರು. ತಮ್ಮ ಹೊಸ ನಿಯಮದಂತೆ ಮಾರ್ಗದರ್ಶಿ ತನ್ನ ಗುಂಪಿನ ಚೀಟಿಗೆ ನಾಲ್ಕು ಗಂಟೆಯೊಳಗೆ ಜಲಪಾತದ ತುದಿಯಲ್ಲಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ಆಕೆಯ ಪರವಾನಗಿಯ ಮೇಲೆ "ತಡ" ಎಂಬ ಕೆಂಪು ಗುರುತು. ಮೂರು ತಡವಾದರೆ ಪರವಾನಗಿಯೇ ಬಂದ್. ಜನರನ್ನು ಸಾವಿನಿಂದ ಎರಡು ಸಲ ತಡೆದದ್ದಕ್ಕೆ ಆಕೆಗೆ ಸಿಕ್ಕಿದ್ದು ಎರಡು ತಡ. ಆಗ ಎರಡನೆಯ ದೂರು ಕೊಟ್ಟರು. ಈ ಸಲ ಉತ್ತರ ಬಂತು. ಅದರ ಪ್ರತಿ ನನ್ನ ಮುಂದಿದೆ, ತಮ್ಮದೇ ಸಹಿ: "ಮಾರ್ಗದರ್ಶಿಗಳು ಕಲ್ಲಿನ ಮೇಲೆ ಗುರುತಿಸಿದ ಗೆರೆಯನ್ನು ಮಾತ್ರ ಅನುಸರಿಸತಕ್ಕದ್ದು. ಸ್ವಂತ ನೆನಪನ್ನು ಆಧರಿಸಿ ಪ್ರವಾಸವನ್ನು ತಡೆಯುವುದನ್ನು ದುರ್ನಡತೆ ಎಂದು ಪರಿಗಣಿಸಲಾಗುವುದು."

ನಮ್ಮ ಗುಂಪು ಬಂದದ್ದು ಆ ಉತ್ತರ ಬಂದ ಹನ್ನೆರಡನೆಯ ದಿನ. ನೀರು ಹಳೆ ಗೆರೆಯನ್ನು ನೆಕ್ಕುತ್ತಿತ್ತು. ನಾಲ್ಕರ ಮುದ್ರೆಗೆ ಇದ್ದ ಹೊತ್ತಿನಲ್ಲಿ ತಮ್ಮ ಜಾರುಬಂಡಿ ಆಗಲೇ ಐವತ್ತು ನಿಮಿಷ ತಿಂದಿತ್ತು. ಸ್ವಂತ ನೆನಪು ಬೇಡ ಎಂದಿತು, ತಮ್ಮ ಗೆರೆ ಹತ್ತು ಎಂದಿತು. ಆಕೆ ಹತ್ತಿದರು.

ಆಕೆ ಹತ್ತಬಾರದಿತ್ತು. ಇದನ್ನು ನಾನು ಹೇಳುವ ಮೊದಲು ಆಕೆಯೇ ಹೇಳಿದ್ದಾರೆ, ಆಸ್ಪತ್ರೆಯ ಹಾಸಿಗೆಯ ಮೇಲೆ, ಹೆಗಲಿಗೆ ಪಟ್ಟಿ ಬಿಗಿದುಕೊಂಡು. "ಮೂರನೇ ತಡ ಹಾಕಿಸ್ಕೊಂಡು ಮನೆಗೆ ಹೋಗಿಬಿಡಬೇಕಿತ್ತು ಸರ್. ಬಾಯಿ ತನಕ ಬಂತು. ಆ ಕಾಗದ ನೆನಪಾಯ್ತು, ನುಂಗಿಬಿಟ್ಟೆ." ತಮ್ಮ ಕಚೇರಿಯಿಂದ ಇಂಥ ಒಂದು ವಾಕ್ಯ ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಮೊದಲ ಎರಡು ಹಂತ ಸುಲಭವಾಗಿ ಹತ್ತಿದೆವು. ಮುಂದೆ ಸೀಟಿಯಕ್ಕ, ಸರಪಳಿಯ ಕೊನೆಯಲ್ಲಿ ಭಾವ, ಅವರ ಮುಂದೆ ನಾನು. ಕೊನೆಯ ಜಾಗ ಅವರೇ ಕೇಳಿ ಪಡೆದದ್ದು: "ನೀನು ಬಿದ್ರೆ ಹಿಡಿಯೋಕೆ ಹಿಂದೆ ಯಾರಾದ್ರೂ ಬೇಕಲ್ಲ." ಮೂರನೆಯ ಹಂತದಲ್ಲಿ ನೀರಿನ ಬಣ್ಣ ಬದಲಾಯಿತು. ಬಿಳಿ ನೊರೆ ಚಹಾದ ಬಣ್ಣಕ್ಕೆ ತಿರುಗಿತು. ಮೇಲೆಲ್ಲೋ, ನಮಗೆ ಕಾಣದ ಬೆಟ್ಟದಾಚೆ, ಮಳೆ ಸುರಿದಿತ್ತು. ಸೀಟಿ ಎರಡು ಸಲ ಉದ್ದಕ್ಕೆ ಕೂಗಿತು. ಹಾಗೆಂದರೆ ಇದ್ದಲ್ಲೇ ಕೂತು ಬಂಡೆಗೆ ಒರಗಿ ಎಂದು. ಕೂತೆವು. ನೀರು ಮಂಡಿಯಿಂದ ಸೊಂಟಕ್ಕೆ ಬಂತು. ಹತ್ತು ಜನ ಉಳಿದೆವು. ಕೊನೆಯವರು ಹೋದರು.

ಆಕೆ ಸರಪಳಿಯನ್ನು ಬಂಡೆಯ ಕೊಂಡಿಗೆ ಹಗ್ಗದಿಂದ ಬಿಗಿದು, ತಾವೇ ಹಿಂದೆ ಹಾರಿದರು. ಕೆಳಗಿನ ಮಡುವಿನಲ್ಲಿ ಭಾವನನ್ನು ಹಿಡಿದು ದಡಕ್ಕೆ ತಂದಾಗ ಆಕೆಯ ಹೆಗಲಿನ ಮೂಳೆ ಮುರಿದಿತ್ತು. ಭಾವನ ಉಸಿರು ನಿಂತಿತ್ತು. ಆಂಬುಲೆನ್ಸಿನ ಪಕ್ಕ ನಾನು ನೆನೆದ ಬಟ್ಟೆಯಲ್ಲಿ ನಿಂತಿದ್ದಾಗ ತಮ್ಮ ಕೌಂಟರಿನ ಹುಡುಗಿ ಓಡಿಬಂದು ಒಂದು ಲಕೋಟೆ ಕೊಟ್ಟಳು. "ಸರ್, ನಿಮ್ಮ ಫೋಟೊ. ಟಿಕೆಟ್‌ನಲ್ಲೇ ಸೇರಿದೆ." ಏನಾಗಿದೆಯೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. ನಾನು "ಥ್ಯಾಂಕ್ಸ್" ಎಂದೆ. ಮನುಷ್ಯನ ಬಾಯಿ ಎಂಥೆಂಥ ಹೊತ್ತಿನಲ್ಲೂ ಶಿಷ್ಟಾಚಾರ ಮರೆಯುವುದಿಲ್ಲ, ನೋಡಿ.

ಐದನೆಯ ದಿನ ತಮ್ಮ ತನಿಖಾ ಸಮಿತಿ ಜಲಪಾತಕ್ಕೆ ಹೋಯಿತು. ಗೆರೆ ಅಷ್ಟರಲ್ಲಿ ಕೆಳಗಿಳಿದು ಒಣಗಿ ಕೂತಿತ್ತು. ಸಮಿತಿ ಅದನ್ನು ಅಳೆಯಿತು, ಭಾವ ಸತ್ತ ದಿನದ ನೀರಿನ ಮಟ್ಟವನ್ನು ಅಣೆಕಟ್ಟೆಯವರ ಪುಸ್ತಕದಿಂದ ತರಿಸಿತು, ಎರಡನ್ನೂ ಕೂಡಿಸಿ ಕಳೆದು ಹನ್ನೊಂದನೆಯ ಪುಟದಲ್ಲಿ ಬರೆಯಿತು: "ಹತ್ತಲು ಆರಂಭಿಸಿದಾಗ ನೀರು ಗೆರೆಯನ್ನು ಮುಟ್ಟಿತ್ತು. ಒಂದು ಗೇಣು ಕೆಳಗಿತ್ತೆಂಬ ಮಾರ್ಗದರ್ಶಿಯ ದಾಖಲೆಯು ಸುಳ್ಳು." ನಿರ್ಲಕ್ಷ್ಯ ಒಂದು, ಸುಳ್ಳು ದಾಖಲೆ ಎರಡು. ಪರವಾನಗಿ ಶಾಶ್ವತವಾಗಿ ರದ್ದು, ಮೇಲೆ ಮೊಕದ್ದಮೆ.

ಆ ಕೌಂಟರಿನ ಲಕೋಟೆ ಈಗಲೂ ನನ್ನ ಮೇಜಿನ ಮೇಲಿದೆ. ಚಿತ್ರದ ಕೆಳಗಡೆ ತಮ್ಮದೇ ಕಚೇರಿಯ ಲಾಂಛನ, ಪಕ್ಕದಲ್ಲಿ ತಾರೀಖು, ಸಮಯ ಎರಡು ನಲವತ್ತೆರಡು. ಭಾವನ ಮೊಣಕೈ ಪಕ್ಕ ಕರಿ ಬಂಡೆ, ಬಂಡೆಯ ಮೇಲೆ ಬೆಳ್ಳಗೆ ಹೊಸ ಗೆರೆ, ಅದರ ಒಂದು ಗೇಣು ಕೆಳಗೆ ನೀರು, ನೀರಿನ ಅಂಚಿನಲ್ಲಿ ಮಾಸಿದ ಹಳೆ ಗೆರೆ. ಮಸೂರ ಇಟ್ಟು ನೋಡಿದೆ, ಮಸೂರ ಇಲ್ಲದೆಯೂ ನೋಡಿದೆ. ಆಕೆ ಬರೆದದ್ದು ಅಕ್ಷರಶಃ ನಿಜ. ಈ ಫೋಟೊದ ಪ್ರತಿಯನ್ನು ಕಳಿಸಿದ್ದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರವನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೇನೆ: "ಸದರಿ ಛಾಯಾಚಿತ್ರವು ಮನರಂಜನಾ ವಿಭಾಗಕ್ಕೆ ಸೇರಿದ್ದು, ಸುರಕ್ಷತಾ ವಿಭಾಗದ ತನಿಖೆಯ ವ್ಯಾಪ್ತಿಗೆ ಬರುವುದಿಲ್ಲ." ನನ್ನ ಭಾವ ಯಾವ ವಿಭಾಗದಲ್ಲಿ ಸತ್ತರು ಸ್ವಾಮಿ? ಮನರಂಜನೆಯಲ್ಲೋ ಸುರಕ್ಷತೆಯಲ್ಲೋ? ಅವರ ಕಾಲು ಒಂದರಲ್ಲಿ, ತಲೆ ಇನ್ನೊಂದರಲ್ಲಿ ಇತ್ತೇ?

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದರೆ ನನಗೂ ಹಿತವಾಗಿತ್ತು. ಕೋಪ ಬಲು ಬೆಚ್ಚನೆಯ ಹೊದಿಕೆ. ಆದರೆ ತಮ್ಮ ವರದಿಯ ಹದಿಮೂರನೆಯ ಪುಟದಲ್ಲಿ ನನ್ನ ಬಗ್ಗೆಯೂ ಒಂದು ವಾಕ್ಯವಿದೆ: "ಮೃತರ ಮುಂದಿದ್ದ ಸಹಪ್ರವಾಸಿಯ ಕಡೆಯಿಂದ ಯಾವುದೇ ಲೋಪ ಕಂಡುಬಂದಿಲ್ಲ." ಸಮಿತಿ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳದೆಯೇ ಆಕೆಯನ್ನು ಮುಳುಗಿಸಿದ ಸಮಿತಿ ಕೇಳದೆಯೇ ನನ್ನನ್ನು ತೇಲಿಸಿದೆ. ಈ ಕೃಪೆಯನ್ನು ನಾನು ಹಿಂತಿರುಗಿಸುತ್ತಿದ್ದೇನೆ.

ಎರಡನೆಯ ಹಂತದ ತುದಿಯಲ್ಲಿ ನೀರು ಎರಚಿ ನನ್ನ ಕನ್ನಡಕ ಮಸುಕಾಯಿತು. ಮೆಟ್ಟಿಲು ಕಾಣಲಿಲ್ಲ. ನಾನು ಭಾವನ ಮಣಿಕಟ್ಟನ್ನು ಬಿಟ್ಟು, ಅವರ ಹಿಡಿತದಿಂದಲೂ ನನ್ನ ಕೈ ಬಿಡಿಸಿಕೊಂಡು, ಅಂಗಿಯ ತುದಿಯಿಂದ ಗಾಜು ಒರೆಸಿಕೊಂಡೆ. "ಒರೆಸ್ಕೊಳಪ್ಪಾ, ನಾನೆಲ್ಲಿಗೂ ಓಡಿಹೋಗಲ್ಲ" ಎಂದರು ಅವರು. ಮತ್ತೆ ಕೈ ಹಿಂದೆ ಚಾಚಿದಾಗ ಸಿಕ್ಕಿದ್ದು ಬೆರಳುಗಳು. ಸರಿಪಡಿಸಿಕೊಳ್ಳಬೇಕು ಎಂದುಕೊಂಡೆ. ಮುಂದಿನ ಹಂತದಲ್ಲಿ ಸರಿಪಡಿಸಿಕೊಂಡರಾಯಿತು ಎಂದುಕೊಂಡೆ. ಮುಂದಿನ ಹಂತದಲ್ಲಿ ನೀರು ಬಂತು. ಬೆರಳು ಒಂದೊಂದಾಗಿ ಜಾರಿದ್ದು ನನಗೆ ಗೊತ್ತಿದೆ. ಕೊನೆಯದು ಕಿರುಬೆರಳು. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಅದರ ತುದಿ ಈಗಲೂ ನನ್ನ ಅಂಗೈಯಲ್ಲಿದೆ.

ವರದಿ ಬಂದ ದಿನ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಕತ್ತರಿಸುವ ಮೇಜಿನ ಆಚೆ ಕೂತು ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು. ಮೇಜಿನ ಮೇಲೆ ತಾವು ಕಳಿಸಿದ್ದ ಒಪ್ಪಿಗೆ ಪತ್ರವಿತ್ತು. ವರದಿಯನ್ನು ಒಪ್ಪಿದ್ದೇನೆ, ಮಾರ್ಗದರ್ಶಿಯ ನಿರ್ಲಕ್ಷ್ಯವೇ ಪತಿಯ ಸಾವಿಗೆ ಕಾರಣ ಎಂಬ ಒಕ್ಕಣೆ. ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಿಂದ ಕತ್ತರಿ ಗುರುತು.

"ಎಷ್ಟು ಹೊತ್ತು ಒರೆಸಿದೆ?" ಎಂದು ಕೇಳಿದಳು.

"ಎರಡು ಕ್ಷಣ ಅಕ್ಕ."

"ಆಮೇಲೆ ಏನು ಹಿಡಿದೆ?"

"ಬೆರಳು."

ಅವಳು ಎದ್ದು ಬಂದು ನನ್ನ ಬೆರಳು ಹಿಡಿದು ಎಳೆದಳು. ಬಿಟ್ಟುಕೊಂಡಿತು. ಮಣಿಕಟ್ಟು ಹಿಡಿದು ಎಳೆದಳು. ನಾನೇ ಅವಳ ಕಡೆಗೆ ಮುಗ್ಗರಿಸಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಬಳಿಕ ಬಿಟ್ಟು, "ಮನೆಗೆ ಹೋಗು" ಎಂದಳು.

ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ನನ್ನ ಅಂಗಡಿಗೆ ಬಂದು, ಒಳಗಿನ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂತಳು. ಎದುರಿಗೆ ದೀಪದ ಹಲಗೆ ಉರಿಯುತ್ತಿತ್ತು. ಅದನ್ನೇ ನೋಡುತ್ತ ಹೇಳಿದಳು:

"ಬರಿ. ಗೆರೆ ವಿಷಯ ಬರಿ. ಒರೆಸ್ಕೊಂಡಿದ್ದನ್ನೂ ಬರಿ. ನಿಂದು ನಿನಗಿರಲಿ, ಅವರದು ಅವರಿಗಿರಲಿ. ಎರಡನ್ನೂ ಸೇರಿಸಿ ಆ ಹೆಂಗಸಿನ ಹೆಗಲಿಗೆ ಹಾಕ್ಬೇಡಿ. ಅವಳ ಹೆಗಲು ಮೊದಲೇ ಮುರಿದಿದೆ."

ಆದ್ದರಿಂದ ಬರೆದೆ. ಇದೇ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಆಕೆಯ ಪರವಾನಗಿಯ ಅಂತಿಮ ವಿಚಾರಣೆ ಎಂದು ತಿಳಿದಿದೆ. ಅಲ್ಲಿ ಆ ಫೋಟೊವನ್ನು, ಅದು ಯಾವ ವಿಭಾಗದ್ದೇ ಆಗಿರಲಿ, ದಾಖಲೆಗೆ ಸೇರಿಸಿ. ಪೇಂಟರನನ್ನು ಕರೆಯಿರಿ, ಆತ ಕೇಳುವವರಿಗಾಗಿ ಕಾಯುತ್ತಿದ್ದಾನೆ. ಸ್ವಂತ ನೆನಪನ್ನು ದುರ್ನಡತೆ ಎಂದು ಕರೆದ ತಮ್ಮ ಸಹಿಯ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಹನ್ನೊಂದನೆಯ ಪುಟದಿಂದ "ಸುಳ್ಳು" ಎಂಬ ಪದವನ್ನು ತೆಗೆಯಿರಿ. ಬಿಸಾಡುವುದು ಬೇಡ, ಅದಕ್ಕೆ ತಕ್ಕ ಜಾಗ ತಮ್ಮ ಕಚೇರಿಯಲ್ಲೇ ಸಿಗುತ್ತದೆ. ಹದಿಮೂರನೆಯ ಪುಟದಲ್ಲಿ ನನ್ನ ಲೋಪವನ್ನು ಬರೆದುಕೊಳ್ಳಿ. ಹೇಳಲು ನಾನೇ ಬರುತ್ತೇನೆ. ಆಕೆ ಹತ್ತಬಾರದಿತ್ತು ಎಂಬುದನ್ನು ಆಕೆಯೇ ಹೇಳಲಿ, ಒಬ್ಬರೇ ಅಲ್ಲ, ಪೇಂಟರ ಮತ್ತು ನಾನು, ನಮ್ಮಿಬ್ಬರ ಜೊತೆ ನಿಂತು. ಆ ಸಾಲಿನಲ್ಲಿ ತಮಗೂ ಒಂದು ಜಾಗ ಬಿಟ್ಟಿರುತ್ತೇವೆ. ಬರುವುದಾದರೆ ಮಣಿಕಟ್ಟು ಹಿಡಿಯುತ್ತೇವೆ.

ಕಲ್ಲಿನ ಮೇಲಿನ ಗೆರೆಯನ್ನು ಇನ್ನು ಮುಟ್ಟಬೇಡಿ. ಕೆರೆದ ಜಾಗದಲ್ಲಿ ಮೇಲಿನ ಗೆರೆಯ ಗುರುತು ಇನ್ನೂ ಉಳಿದಿದೆ. ಮೊನ್ನೆ ಅಕ್ಕನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮೊಣಕಾಲು ಹಿಡಿದುಕೊಂಡು ಅಷ್ಟು ದೂರ ಇಳಿದು ಬಂದವಳು, ಅದರ ಮೇಲೆ ಹೆಬ್ಬೆರಳು ಉಜ್ಜಿ ನೋಡಿ, "ಬಿಚ್ಚಿದ ಮಡಿಕೆ ಗೆರೆ ಇಸ್ತ್ರಿಗೂ ಹೋಗಲ್ಲ ಅಂತಿದ್ರು" ಎಂದಳು.

ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ. ಪೆನ್ಸಿಲಿನ ಕತ್ತರಿ ಗುರುತು ಹಾಗೇ ಇದೆ. ಸಹಿ ಇಲ್ಲ.

ಇಂತಿ,
ಸರಪಳಿಯಲ್ಲಿ ಕೊನೆಯವರ ಮುಂದಿದ್ದವನು,
ಈಗ ಕೊನೆಯವನು